ಸಂದರ್ಶನದ ಅಪ್ಪ

ಸ್ಕೂಟರ್ ರಿಪೇರಿಯ ಅಪ್ಪನಿಗೆ ನಾಳೆ ಮಗಳನ್ನು ಸೇರಿಸಬೇಕೆಂದಿರುವ ಶಾಲೆಯಲ್ಲಿ ಸಂದರ್ಶನ. ಸೇರುವವಳು ಅವಳಾದರೂ ಇಂಗ್ಲಿಷ್ ಪ್ರಶ್ನೆ ಇವನಿಗೂ ಇರುತ್ತದೆ. ನಲ್ಲಿಗೆ ‘ಟರ್ನ್ ಆನ್’, ಚಪ್ಪಲಿಗೆ ‘ಪುಟ್ ಆನ್’, ಅಜ್ಜಿಯ ಮಂಚಕ್ಕೆ ‘ಗೆಟ್ ಅಪ್’ ಎಂದು ಚೀಟಿ ಅಂಟಿಸಿದ್ದಾನೆ. ಸ್ಪ್ಯಾನರ್ ತಿರುಗಿಸುತ್ತ ‘ಗೋ, ವೆಂಟ್, ಗಾನ್’ ಎಂದು ಗೊಣಗಿದರೆ ಗಿರಾಕಿಯ ಎದೆ ಧಸಕ್ಕೆನ್ನುತ್ತದೆ: “ಇಂಜಿನ್ ಹೋಯ್ತಾ?” ರಾತ್ರಿ ಊಟ ಬಡಿಸುತ್ತ ಹೆಂಡತಿ “ಇಷ್ಟು ಬಂತಲ್ಲ, ಸಾಕು ಬಿಡಿ” ಎಂದಳು. “ಸಾಕಾಗಲ್ಲ ಕಣೇ” ಎಂದು ಅವನು ಊಟದ ತಟ್ಟೆ ಪಕ್ಕಕ್ಕೆ ತಳ್ಳಿದ. ಹೋದ ವರ್ಷದ ಸಂದರ್ಶನದಲ್ಲಿ ಶಾಲೆಯ ಮೇಡಂ ಕೇಳಿದ್ದಕ್ಕೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ. ಆಮೇಲೆ ಮಗಳ ಸರದಿ ಬಂತು. ಮನೆಯಲ್ಲಿ ಎಲ್ಲ ಉತ್ತರವನ್ನೂ ಅರಳು ಹುರಿದಂತೆ ಒಪ್ಪಿಸಿದ್ದ ಹುಡುಗಿ, ಅಪ್ಪನ ಮುಖ ನೋಡಿ, ತಾನೂ ತುಟಿ ಬಿಚ್ಚಲಿಲ್ಲ.