ನನಗೆ ತುಂಬದ ಉಡಿ

ಹನುಮಪ್ಪನನ್ನು ನಂಬಿದ ಅಕ್ಕ ತಂಗಿಯರಿಗೆ ನಮಸ್ಕಾರ. ಸ್ವಂತ ವಿಷಯ ಬರೆದು ನನಗೆ ರೂಢಿಯಿಲ್ಲ. ಸ್ವಾಮಿಗೆ ಸಲ್ಲಬೇಕಾದದ್ದನ್ನು ಬಚ್ಚಿಡುವುದು ಸರಿಯಲ್ಲವೆಂದು ಬರೆಯುತ್ತಿದ್ದೇನೆ.

ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ ಶಿಕಾರಿಪುರದ ಹತ್ತಿರ ಒಂದು ಖಾಸಗಿ ವಸತಿ ಶಾಲೆಗೆ ಕೆಲಸಕ್ಕೆ ಬಂದೆ. ಪರಿಚಯದವರೊಬ್ಬರೂ ಇಲ್ಲದ ಊರು. ಕೆಲಸದ ಜೊತೆಗೇ ಇರಲು ಕೋಣೆಯೂ ಸಿಕ್ಕಿತ್ತು. ವರ್ಷದ ನಡುವೆ ಆಡಳಿತದವರು ಶಾಲೆ ಮುಚ್ಚಿದರು, ಕೋಣೆಯೂ ಹೋಯಿತು. ಅಮ್ಮ ತೀರಿಕೊಂಡ ಮೇಲೆ ನಮ್ಮೂರಿನ ಮನೆ ಬೇರೆಯವರದಾಗಿತ್ತು. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಕೆಲವು ದಿನ ಬಸ್ ನಿಲ್ದಾಣದಲ್ಲಿ ಕಳೆದೆ. ಒಗೆದ ಚೂಡಿದಾರ, ಕೈಯಲ್ಲೊಂದು ಬ್ಯಾಗು ಇದ್ದದ್ದರಿಂದ ಯಾರೂ ಏನೂ ಕೇಳಲಿಲ್ಲ. ಬಸ್ಸಿಗೆ ಕಾಯುತ್ತಿದ್ದಾಳೆ ಎಂದುಕೊಂಡರು. ಸಂತೆಚೀಲ ಹಿಡಿದು ಅಂಜನಾಪುರದ ಬಸ್ಸಿಗೆ ನುಗ್ಗುವ ಹೆಂಗಸರನ್ನು ಕಂಡರೆ ನನಗೆ ಹೊಟ್ಟೆಯುರಿಯುತ್ತಿತ್ತು. ಸೀಟಿಗಾಗಿ ಜಗಳವಾಡುತ್ತಿದ್ದರು. ಇಳಿಯುವ ಊರೊಂದಿದೆ ಎಂಬ ಧೈರ್ಯ ಆ ಜಗಳದಲ್ಲಿ ಕೇಳಿಸುತ್ತಿತ್ತು. ಹಗಲು ಅಲ್ಲೇ ಸಮೀಪದ ಸಣ್ಣ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂರುತ್ತಿದ್ದೆ. ಒಂದು ಸೂರು ಕೊಡು ಎನ್ನುವುದನ್ನು ಬಿಟ್ಟು ಬೇರೆ ಪ್ರಾರ್ಥನೆ ನನ್ನ ಬಾಯಿಗೆ ಬರುತ್ತಿರಲಿಲ್ಲ.

ಒಂದು ಶನಿವಾರ ವೀಳ್ಯದೆಲೆಯ ಹಾರ ತಂದ ಹೆಂಗಸೊಬ್ಬರು ಪ್ರದಕ್ಷಿಣೆ ಮುಗಿಸಿ ನನ್ನ ಮುಂದೆ ನಿಂತರು. ನಿಲ್ದಾಣದ ಹಿಂದೆ ಖಾನಾವಳಿ ನಡೆಸುವ ಬಸಮ್ಮ ಅವರು.

“ಯಾವ ಬಸ್ಸವ್ವಾ ನಿಂದು? ಆವಾಗಿಂದ ನೋಡ್ತಿದೀನಿ.”

“ಬರುತ್ತೆ,” ಎಂದೆ.

“ಬರೋದಾಗಿದ್ರೆ ಇಷ್ಟೊತ್ತಿಗೆ ಬಂದು ಹೋಗಿರೋದು. ಏಳು. ಈರುಳ್ಳಿ ಹೆಚ್ಚೋಕೆ ಬರ್ತತಾ?”

ಅಂದಿನಿಂದ ಖಾನಾವಳಿಯ ಹಿಂದಿನ ಅವರ ಮನೆಯಲ್ಲಿ ನನಗೊಂದು ಸಣ್ಣ ಕೋಣೆಯಾಯಿತು. ಅದು ಮದುವೆಯಾಗಿ ಸೊರಬಕ್ಕೆ ಹೋದ ಅವರ ಮಗಳು ಶೋಭಾಳದು. ಮಧ್ಯಾಹ್ನ ಬಸ್ಸಿಗೆ ಕಾಯುತ್ತಾ ಊಟಕ್ಕೆ ಬರುವ ಕಾಲೇಜು ಹುಡುಗಿಯರಲ್ಲಿ ಒಬ್ಬಳಿಗೆ ಲೆಕ್ಕ ಹೇಳಿಕೊಟ್ಟೆ. ಮರುವಾರ ಅವಳು ಗೆಳತಿಯರನ್ನು ಕರೆತಂದಳು. ಹಿಂದಿನ ಎರಡೂ ಮೇಜು ನಮ್ಮದಾದವು. “ನಮ್ಮಲ್ಲಿ ಉಣ್ಣೋರಿಗಿಂತ ಲೆಕ್ಕ ಬಿಡ್ಸೋರೇ ಜಾಸ್ತಿ ಆದ್ರು. ಇವರಿಗೆ ಯಾವ ಪಲ್ಯ ಮಾಡ್ಲಿ?” ಎಂದು ಬಸಮ್ಮ ಗೊಣಗುತ್ತಿದ್ದರು. ಬೆಳಿಗ್ಗೆ ಎದ್ದರೆ ನನಗೂ ಮಾಡುವ ಕೆಲಸವಿತ್ತು. ನನ್ನನ್ನು ಕಾಯುವವರೂ ಇದ್ದರು.

ಆಗ ಶೋಭಾ ಹೆರಿಗೆಗೆ ಬಂದಳು. ನಾನು ಕೋಣೆ ಬಿಟ್ಟುಕೊಟ್ಟು ನಡುಮನೆಯಲ್ಲಿ ಮಲಗತೊಡಗಿದೆ. ಆಸ್ಪತ್ರೆಗೆ ಬಿಸಿನೀರಿನ ಫ್ಲಾಸ್ಕು, ಗಂಜಿ ಹೊತ್ತವಳು ನಾನೇ. ಮಗು ನೋಡಿ ಸಂತೋಷವಾಯಿತು, ಸುಳ್ಳಲ್ಲ. ಬಾಣಂತನ ಶುರುವಾದ ಮೇಲೆ ನೋಡುವುದು ಕಷ್ಟವಾಯಿತು. ನನ್ನೊಡನೆ ಗದರಿ ಮಾತಾಡುವ ಬಸಮ್ಮ, ಮಗಳ ತಲೆಗೆ ಎಣ್ಣೆ ತಟ್ಟುವಾಗ ಬೇರೆ ದನಿಯಲ್ಲಿ ಮಾತಾಡುತ್ತಿದ್ದರು. “ಬಿಸಿ ಆತಾ ಕಂದಾ?” ಎಂದು ಬಚ್ಚಲಿನಿಂದ ಕೇಳಿಸುತ್ತಿತ್ತು. ನಾನು ಹಿಟ್ಟು ನಾದುತ್ತಾ ಹಲ್ಲು ಕಚ್ಚುತ್ತಿದ್ದೆ. “ಟೀಚರ್ರೇ, ಕೂತ್ಕೊಳ್ರೀ ಸ್ವಲ್ಪ,” ಎಂದು ಶೋಭಾ ಕರೆದರೆ ಅದೂ ಚುಚ್ಚುತ್ತಿತ್ತು. ಅವಳು ಒಳ್ಳೆಯವಳಾಗಿದ್ದದ್ದೇ ನನಗೆ ದೊಡ್ಡ ಕಿರಿಕಿರಿ.

ತೊಟ್ಟಿಲು ಶಾಸ್ತ್ರದ ದಿನ ಪಕ್ಕದ ಮನೆಯವರು ಕೇಳಿದರು: “ಇನ್ಮೇಲೆ ಮಗಳು ಮೊಮ್ಮಗು ಬಂದು ಹೋಗಿ ಮಾಡ್ತಾರೆ. ಈ ಹುಡುಗಿ ಎಲ್ಲಿಗೆ ಹೋಗ್ತಾಳ್ರೀ ಬಸಮ್ಮ?”

ಒಲೆಯ ಮೇಲೆ ಹಾಲು ಉಕ್ಕಿತು. ಬಸಮ್ಮ ಅತ್ತ ಓಡಿದರು.

ಹೊರಡು ಎಂದು ಅವರ ಬಾಯಲ್ಲಿ ಕೇಳುವ ಮೊದಲು ನಾನೇ ಹೊರಡಬೇಕೆಂದು ಅರ್ಜಿ ಹಾಕಿದೆ. ಸೊರಬದ ಒಂದು ಕಾಲೇಜಿನಲ್ಲಿ ಪಾಠದ ಕೆಲಸ ಸಿಕ್ಕಿತು. ಅಲ್ಲಿನ ಹಾಸ್ಟೆಲೊಂದರಲ್ಲಿ ಜಾಗಕ್ಕೂ ಮಾತಾಡಿದೆ. ಕೆಲಸದ ಸುದ್ದಿ ಹೇಳಿದಾಗ ಬಸಮ್ಮ “ಒಳ್ಳೇದಾತು ಬಿಡು,” ಎಂದು ರೊಟ್ಟಿ ತಿರುವಿ ಹಾಕಿದರು. ಅಷ್ಟೇ. ಹಾಸ್ಟೆಲಿನ ವಿಷಯ ನನ್ನ ಬಾಯಿಂದ ಹೊರಡಲಿಲ್ಲ.

ಊರು ಬಿಟ್ಟು ಹೊರಟ ಯಾವ ಹೆಣ್ಣುಮಗಳನ್ನೂ ಬಸಮ್ಮ ಬರಿಗೈಯಲ್ಲಿ ಕಳಿಸುವವರಲ್ಲ. ನರ್ಸಿಂಗ್ ಓದಲು ಹೋದ ಪಕ್ಕದ ಮನೆಯ ಹುಡುಗಿಗೂ ಉಡಿ ತುಂಬಿದ್ದರು: ಸೆರಗಿಗೋ ವೇಲಿಗೋ ಐದು ಬೊಗಸೆ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಅರಿಶಿನದ ಕೊಂಬು. ಹನುಮಪ್ಪನ ಮುಂದೆ ನಿಂತು ಬೇಡಿದೆ: ಸ್ವಾಮಿ, ಮನೆ ಉಳಿಯದಿದ್ದರೆ ಬೇಡ. ಶೋಭಾಳಿಗೆ ತುಂಬುವ ಉಡಿಯನ್ನು ನನಗೂ ತುಂಬಿಸು. ತವರು ಎಂದು ಹೇಳಿಕೊಳ್ಳಲು ಅಷ್ಟಾದರೂ ಇರಲಿ.

ಶೋಭಾ ಗಂಡನ ಮನೆಗೆ ಹೊರಟ ದಿನವೇ ನಾನೂ ಕೆಲಸಕ್ಕೆ ಸೇರಬೇಕಿತ್ತು. ಇಬ್ಬರದೂ ಒಂದೇ ಬಸ್ಸು. ಬಸಮ್ಮ ಮಗಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಬೊಗಸೆಯಿಂದ ಅಕ್ಕಿ ಜಾರುವ ಸದ್ದು ನನ್ನ ಎದೆಗೆ ಬಡಿಯುತ್ತಿತ್ತು. ಮೊರದಲ್ಲಿ ಇನ್ನೂ ಅಕ್ಕಿ ಉಳಿದಿತ್ತು. ಶೋಭಾ ಎದ್ದ ಮೇಲೆ ನಾನು ಬ್ಯಾಗು ಕೆಳಗಿಟ್ಟು, ಕರೆಯದಿದ್ದರೂ ಹೋಗಿ ಮಣೆಯ ಮೇಲೆ ಕೂತು ವೇಲು ಒಡ್ಡಿದೆ.

ಬಸಮ್ಮ ಮೊರ ಎತ್ತಿ ಪಕ್ಕಕ್ಕಿಟ್ಟರು.

“ನಿಂಗ್ಯಾಕೆ ಉಡಿ?”

ನಾನು ವೇಲು ಮಡಿಚಿಕೊಂಡೆ.

“ಉಡಿ ತುಂಬೋದು ಹೋಗೋರಿಗೆ ಕಣವ್ವಾ. ಅವಳು ಅವಳ ಮನಿಗೆ ಹೋಗ್ತಾಳೆ. ನೀನು ಕೆಲಸ ಮುಗಿಸಿ ಸಂಜೆ ಬರೋಳು. ದಿನಾ ಉಡಿ ತುಂಬ್ತಾ ಕೂತ್ರೆ ಖಾನಾವಳಿಗೆ ಅಕ್ಕಿ ಎಲ್ಲಿಂದ ತರ್ಲಿ? ಅಲ್ಲ, ಆ ಬ್ಯಾಗು ಯಾಕೆ ಹಂಗೆ ಉಬ್ಬೈತೆ? ಏನು ತುಂಬಿದೀಯಾ?”

“ಪುಸ್ತಕ,” ಎಂದೆ.

“ಬಟ್ಟೆ ಐತೆ,” ಎಂದರು ಬಸಮ್ಮ, ಬಗ್ಗಿ ಮುಟ್ಟಿ ನೋಡಿ. ಆಮೇಲೆ ಬಟ್ಟೆಗಳನ್ನೆಲ್ಲ ತೆಗೆದು ಶೋಭಾಳ ಕೋಣೆಯ ಗೂಟಕ್ಕೆ ಒಂದೊಂದಾಗಿ ಹಾಕಿದರು. “ಓದಿದೋರ ತಲೆ,” ಎಂದು ಬಯ್ಯುತ್ತಲೇ ಇದ್ದರು.

ಬಸ್ಸಿನಲ್ಲಿ ಶಿರಾಳಕೊಪ್ಪ ದಾಟಿದ ಮೇಲೆ ಶೋಭಾ ಮಗುವನ್ನು ನನ್ನ ತೊಡೆಗೆ ಹಾಕಿ ಹೇಳಿದಳು: “ನಮ್ಮವ್ವ ನನ್ನ ಬಯ್ಯೋದು ಬಿಟ್ಟು ಎಷ್ಟು ದಿನ ಆತು ಗೊತ್ತಾ ಟೀಚರ್ರೇ? ನೆಂಟರ ಥರ ನೋಡ್ಕೋತಾಳೆ. ನಿಮಗೆ ಬಯ್ಯೋದು ಕೇಳಿದ್ರೆ ನಂಗೆ ಉರಿಯೋದು.”

ನಾನು ಮಗುವಿನ ಟೋಪಿ ಸರಿಮಾಡಿದೆ. ಸೊರಬದಲ್ಲಿ ಇಳಿದು ಹಾಸ್ಟೆಲಿನವರಿಗೆ ಫೋನು ಮಾಡಿ ಜಾಗ ಬೇಡವೆಂದೆ.

ಹುಡುಗಿಯರ ಲೆಕ್ಕದ ಪಾಠ ಈಗ ಭಾನುವಾರಕ್ಕೆ ಬದಲಾಗಿದೆ. ನನ್ನ ಬುದ್ಧಿಗೆ ತಿಳಿದಷ್ಟನ್ನು ನಾನು ಬೇಡಿದ್ದೆ, ಸ್ವಾಮಿ ಅದಕ್ಕೆ ಒಪ್ಪಲಿಲ್ಲ. ಕೇಳಿದ್ದು ಸಿಗದೆ ಕಣ್ಣೀರು ಹಾಕುವ ಸೋದರಿಯರು ಇದನ್ನು ನಂಬಬೇಕು. ಶೋಭಾ ಹಬ್ಬಕ್ಕೆ ಬಂದು ಉಡಿ ತುಂಬಿಸಿಕೊಂಡು ಹೊರಟಾಗ ನನಗೆ ಈಗಲೂ ಸ್ವಲ್ಪ ಹೊಟ್ಟೆಯುರಿಯುತ್ತದೆ. ಅದನ್ನೂ ಹನುಮಪ್ಪನಿಗೆ ಮುಚ್ಚಿಡದೆ ಹೇಳುತ್ತೇನೆ. ಹೇಳಿ, ನನಗೆ ಮಾತ್ರ ಉಡಿ ತುಂಬಿಸಬೇಡ ತಂದೆ ಎಂದು ಕೈಮುಗಿಯುತ್ತೇನೆ.