ದುರ್ಗಪ್ಪ ಹಚ್ಚಿದ ಊದಿನಕಡ್ಡಿ

ಇವತ್ತು ಮೊಬೈಲಿನಲ್ಲಿ ಅಮೆರಿಕದ ಕಾಲೇಜು ಫುಟ್‌ಬಾಲಿನ ಕಥೆ ನೋಡಿದೆ. ಕಪ್ಪು ಹುಡುಗರನ್ನು ಚೆಂಡು ಹಿಡಿದು ಓಡಲು ಬಿಡುತ್ತಿದ್ದರಂತೆ. ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಜಾಗ ಮಾತ್ರ ಕೊಡುತ್ತಿರಲಿಲ್ಲವಂತೆ. ಆ ಜಾಗದಲ್ಲಿ ಮೊದಲು ನಿಂತವನೊಬ್ಬನ ಹಳೆಯ ಚಿತ್ರ ಕಂಡದ್ದೇ, ನಮ್ಮೂರ ಗರಡಿಮನೆಯ ಎಣ್ಣೆಮಣ್ಣಿನ ವಾಸನೆ ಮೂಗಿಗೆ ಬಂತು.

ಕಬಡ್ಡಿಯಲ್ಲಿ ಕೆಳಗೇರಿಯ ದುರ್ಗಪ್ಪನನ್ನು ಮೀರಿಸುವವರಿರಲಿಲ್ಲ. ಆದರೆ ನಾಯಕನಾದವನು ಗರಡಿಯ ಹನುಮಪ್ಪನಿಗೆ ಊದಿನಕಡ್ಡಿ ಹಚ್ಚಬೇಕು. ದುರ್ಗಪ್ಪನಿಗೆ ಹೊಸ್ತಿಲೇ ಗಡಿ.

ಚಿಕ್ಕನರಗುಂದದವರೊಡನೆ ಪಂದ್ಯವಿದ್ದ ಸಂಜೆ ಗರಡಿಯಲ್ಲಿ ಕಲಿಸುವ ಉಸ್ತಾದ ಹುಸೇನಸಾಬರು ಅವನನ್ನು ಒಳಗೆ ಕರೆದು ಕಡ್ಡಿ ಕೊಟ್ಟರು. ಹಿರಿಯರು ಗೊಣಗಿದಾಗ ಉಸ್ತಾದರು ಅಂದರು:

"ದಿನಾ ಇಲ್ಲಿ ದೀಪಾ ಹಚ್ಚಾಂವ ಸಾಬ ನಾನ ಅದೀನ್ರಿ. ಹನುಮಪ್ಪ ಎಂದಾರ ಬ್ಯಾಡ ಅಂದಾನೇನು?"

ದುರ್ಗಪ್ಪ ಹನುಮಪ್ಪನ ದೀಪಕ್ಕೆ ಕಡ್ಡಿ ಹಿಡಿದ. ಕಡ್ಡಿ ಹೊಗೆಯಾಡಿತು.

ಅಂಕಣದಲ್ಲಿ ದುರ್ಗಪ್ಪ ಮೆಲ್ಲಗೆ, "ಸಣ್ಣಗೌಡ್ರ, ನೀವು ಎಡಕ ನಿಲ್ರಿ" ಎಂದ. ಅಲ್ಲಿತನಕ ನಾಯಕನಾಗಿದ್ದ ಗೌಡರ ಮಗ ಎಡಕ್ಕೆ ನಿಂತ.

ಮೊಬೈಲಿನ ಚಿತ್ರದಲ್ಲೂ ಅಷ್ಟೇ: ಆ ಹುಡುಗ ಏನೋ ಹೇಳುತ್ತಿದ್ದಾನೆ, ಉಳಿದವರೆಲ್ಲ ಬಾಗಿ ಕೇಳುತ್ತಿದ್ದಾರೆ.