ರಾಹುಕಾಲಕ್ಕೆ ಮುಂಚೆ ಕಟ್ಟಿದ ದೋಣಿ

ಕಾಲುವೆಗಳಲ್ಲಿ ನಾವೇ ನಡೆಸಿಕೊಂಡು ಹೋಗುವ ಹೌಸ್‌ಬೋಟನ್ನು ಬಾಡಿಗೆಗೆ ಹಿಡಿಯೋಣ ಎಂದವರು ವಸಂತಕ್ಕ. ಅವರು ನನ್ನ ಸ್ವಂತ ಅಕ್ಕನಲ್ಲ. ಸ್ಯಾನ್ ಡಿಯಾಗೋದ ಮಿರಾ ಮೆಸಾದಲ್ಲಿ ನನ್ನ ಅಪಾರ್ಟ್‌ಮೆಂಟಿನ ಮೇಲಿನ ಮನೆಯವರು, ಉಡುಪಿಯವರು. ನಾನು ಮಂಗಳೂರಿನವಳು ಎಂಬುದಷ್ಟೇ ನನ್ನನ್ನು ತಂಗಿ ಮಾಡಿಕೊಳ್ಳಲು ಅವರಿಗೆ ಸಾಕಾಗಿತ್ತು.

ಮೇ ಕೊನೆಯ ಮೂರು ದಿನದ ರಜೆಯಲ್ಲಿ, ಶನಿವಾರ ಬೆಳಗ್ಗೆ ಎಂಟಕ್ಕೆ ಹೊರಟೆವು. ವ್ಯಾನಿನಲ್ಲಿ ವಸಂತಕ್ಕ, ಅವರ ಗಂಡ ರಘುರಾಮ ಭಾವ, ಒಂಬತ್ತು ವರ್ಷದ ಮಗಳು ದೀಪಾ, ನಾನು, ಒಂದು ಕುಕ್ಕರ್ ಮತ್ತು ಎರಡು ಐಸ್‌ಬಾಕ್ಸ್. ದೋಣಿ ಇದ್ದದ್ದು ನಾನೂರೈವತ್ತು ಮೈಲಿ ಉತ್ತರಕ್ಕೆ, ಸ್ಟಾಕ್ಟನ್ ಬಳಿ. ಅಲ್ಲಿ ಎರಡು ದೊಡ್ಡ ನದಿಗಳು ಸಮುದ್ರ ಸೇರುವ ಮೊದಲು ನೂರಾರು ಕಾಲುವೆಗಳಾಗಿ ಹರಡಿಕೊಳ್ಳುತ್ತವೆ. ಸೊರೆಂಟೊ ವ್ಯಾಲಿಯಲ್ಲಿ ನನ್ನ ಆಫೀಸಿನ ಕಟ್ಟಡ ಹಿಂದೆ ಸರಿಯುವಾಗ, ಇನ್ನು ಮೂರು ದಿನ ಯಾರೊಂದಿಗೂ ಹೆಚ್ಚು ಮಾತಾಡದೆ ನೀರು ನೋಡುತ್ತ ಕೂರಬಹುದು ಎಂದುಕೊಂಡೆ.

ಹತ್ತು ಗಂಟೆಗೆ ಲಾಸ್ ಏಂಜಲೀಸ್ ಪಕ್ಕದ ಆರ್ಟೀಸಿಯಾ ತಲುಪಿದೆವು. ದಿನಸಿ ಅಂಗಡಿಯವನು ಆಗಷ್ಟೇ ಬಾಗಿಲು ತೆಗೆದು ಅಗರಬತ್ತಿ ಹಚ್ಚುತ್ತಿದ್ದ. ನಮ್ಮ ಜೊತೆ ದೋಣಿಗೆ ಬರುವವರಿಬ್ಬರು ಅಲ್ಲೇ ಸಿಕ್ಕಿದರು: ಬೆಂಗಳೂರಿನ ನಿರ್ಮಲಾ ಎಂಬ ನಲವತ್ತರ ಹೆಂಗಸು ಮತ್ತು ಅವರ ತಮ್ಮ ಶ್ರೀಧರ. ಆತ ಲಾಸ್ ಏಂಜಲೀಸಿನಲ್ಲಿ ಸೇತುವೆಗಳ ಇಂಜಿನಿಯರ್. ಬೆಂಡೆಕಾಯಿ ಆರಿಸುತ್ತಿದ್ದ ನನ್ನ ಪಕ್ಕಕ್ಕೆ ನಿರ್ಮಲಾ ಬಂದು ನಿಂತು, "ನಕ್ಷತ್ರ ಯಾವುದಮ್ಮ?" ಎಂದರು.

ನಾನು ವಸಂತಕ್ಕನನ್ನು ಹುಡುಕಿಕೊಂಡು ಹೋದೆ. ಅವರ ಬುಟ್ಟಿಯಲ್ಲಿ ಸಣ್ಣ ರವೆ, ಗೋಡಂಬಿ, ದ್ರಾಕ್ಷಿ, ಕೇಸರಿ.

"ಇದೇನು ವಸಂತಕ್ಕ?"

"ಎಂತದೂ ಇಲ್ಲ ಮಾರಾಯ್ತಿ. ಸುಮ್ಮನೆ ನೋಡು. ಇಷ್ಟ ಆದ್ರೆ ಆಯ್ತು, ಇಲ್ಲದಿದ್ರೆ ದೋಣಿಯಾದ್ರೂ ನೋಡಿದ ಹಾಗೆ ಆಯ್ತಲ್ಲ."

"ನನಗೆ ಮೊದಲೇ ಹೇಳಬಹುದಿತ್ತು."

"ಹೇಳಿದ್ರೆ ನೀನು ಬರ್ತಿದ್ದೆಯಾ? ನಿನ್ನ ಅಮ್ಮನಿಗೆ ಫೋನ್ ಮಾಡಿ ಆಗಿದೆ. ಸೋಮವಾರ ರಾತ್ರಿ ಉತ್ತರ ಹೇಳ್ತೇನೆ ಅಂದಿದ್ದೇನೆ."

ಹೀಗೆ, ಸೋಮವಾರ ರಾತ್ರಿಯೊಳಗೆ ನನ್ನ ಮದುವೆಯ ಬಗ್ಗೆ ಮಂಗಳೂರಿಗೆ ಒಂದು ಉತ್ತರ ಹೋಗಬೇಕಿತ್ತು. ವಾಪಸು ಹೋಗೋಣವೆಂದರೆ ನನ್ನ ಕಾರು ನೂರು ಮೈಲಿ ಹಿಂದಿತ್ತು. ಇನ್ನೂ ಬೇಸರ ತಂದದ್ದು ಬೇರೆ. ದೋಣಿಯ ಬಾಡಿಗೆಯನ್ನು ಎಲ್ಲರೂ ಹಂಚಿಕೊಂಡಿದ್ದೆವು. ನನ್ನನ್ನು ನೋಡುವ ಕಾರ್ಯಕ್ರಮಕ್ಕೆ ನಾನೇ ನನ್ನ ಪಾಲು ಕೊಟ್ಟಿದ್ದೆ.

ಸೀರೆ ಅಂಗಡಿ, ಸ್ವೀಟ್ ಅಂಗಡಿ ಎಲ್ಲ ಮುಗಿದು ಹೊರಟಾಗ ಹನ್ನೆರಡು. ಬೆಟ್ಟದ ಏರು ದಾಟಿದ ಮೇಲೆ ಐ-ಫೈವ್ ರಸ್ತೆ ಗೆರೆ ಎಳೆದಂತೆ ನೇರ. ಎರಡೂ ಕಡೆ ಒಣಗಿದ ಹುಲ್ಲು, ನಡುವೆ ಒಂದು ದನದ ದೊಡ್ಡಿಯ ವಾಸನೆ ಹತ್ತು ನಿಮಿಷ. ನಿರ್ಮಲಾ ದಾರಿಯುದ್ದಕ್ಕೂ ಎರಡು ಬಾಳೆಹಣ್ಣು ಬಿಟ್ಟು ಏನೂ ತಿನ್ನಲಿಲ್ಲ. ಶನಿವಾರ ಉಪವಾಸವಂತೆ. ಶ್ರೀಧರ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿದರು, ಅಥವಾ ಮಾಡಿದಂತೆ ಇದ್ದರು.

ಬಾಡಿಗೆ ದೋಣಿಗಳನ್ನು ಕಟ್ಟಿಡುವ ದೋಣಿಯಂಗಳ ಸೇರಿದಾಗ ಆರು ಗಂಟೆ. ಮುಚ್ಚುವ ಹೊತ್ತಿಗೆ ಬಂದ ನಮ್ಮನ್ನು ನೋಡಿ ದೋಣಿ ಬಾಡಿಗೆಗೆ ಕೊಡುವ ಹೆಂಗಸಿಗೆ ಖುಷಿಯೇನೂ ಆಗಲಿಲ್ಲ. ಎರಡು ಉದ್ದನೆಯ ಟೊಳ್ಳು ತೇಲುಗಳ ಮೇಲೆ ಕೂರಿಸಿದ ತಗಡಿನ ಮನೆಯಂಥ ದೋಣಿ. ಒಂದು ಕೋಣೆ, ಗ್ಯಾಸ್ ಒಲೆ, ಹಿಂದೆ ಎಂಜಿನ್. ಬಾಗಿಲು ಇದ್ದದ್ದು ಟಾಯ್ಲೆಟ್ಟಿಗೆ ಮಾತ್ರ. ಆಕೆ ಇಪ್ಪತ್ತು ನಿಮಿಷದಲ್ಲಿ ಎಲ್ಲ ವಿವರಿಸಿದರು. ಇಲ್ಲಿಯ ನೀರಿಗೂ ಸಮುದ್ರದ ಉಬ್ಬರ ಇಳಿತ ಇದೆ, ಮೂರು ಅಡಿಯವರೆಗೆ ಇಳಿಯುತ್ತದೆ, ದಡಕ್ಕೆ ಒತ್ತಿ ಕಟ್ಟಬೇಡಿ ಎಂದರು. ಭಾವ ಪ್ರತಿಯೊಂದಕ್ಕೂ "ಯೆಸ್, ಯೆಸ್" ಎಂದರು. ಕರಾವಳಿಯವರೆಂದು ಎಲ್ಲರೂ ಅವರನ್ನೇ ಕ್ಯಾಪ್ಟನ್ ಮಾಡಿದ್ದರು. ಮಲ್ಪೆಯ ದಂಡೆಯಲ್ಲಿ ಐಸ್‌ಕ್ಯಾಂಡಿ ತಿಂದದ್ದು ಬಿಟ್ಟರೆ ಅವರಿಗೂ ಸಮುದ್ರಕ್ಕೂ ಸಂಬಂಧವಿರಲಿಲ್ಲ. ಆ ರಾತ್ರಿ ಅಲ್ಲೇ ಕಟ್ಟಿದ್ದ ದೋಣಿಯಲ್ಲಿ ಮಲಗಿದೆವು.

ಭಾನುವಾರ ಬೆಳಗ್ಗೆ ಹೊರಟೆವು. ವೇಗ ಗಂಟೆಗೆ ಐದು ಮೈಲಿ. ಸ್ಟೀರಿಂಗ್ ತಿರುಗಿಸಿದ ಎಷ್ಟೋ ಹೊತ್ತಿನ ಮೇಲೆ ದೋಣಿ ತಿರುಗುತ್ತಿತ್ತು. ಅದು ತಿರುಗಲಿಲ್ಲವೆಂದು ಭಾವ ಇನ್ನಷ್ಟು ತಿರುಗಿಸುತ್ತಿದ್ದರು. ಆಮೇಲೆ ಅದು ಬೇಕಾದ್ದಕ್ಕಿಂತ ಹೆಚ್ಚು ತಿರುಗಿದಾಗ ಎಲ್ಲರೂ ಒಟ್ಟಿಗೆ "ಈ ಕಡೆ, ಈ ಕಡೆ" ಎಂದು ಬೇರೆ ಬೇರೆ ಕಡೆ ಕೈ ತೋರಿಸುತ್ತಿದ್ದರು. ಒಂದು ಎತ್ತುವ ಸೇತುವೆಯ ಬಳಿ ಹಾರ್ನ್ ಹೊಡೆದೆವು. ನಮಗಾಗಿ ಸೇತುವೆ ಮೇಲೇಳಿತು, ರಸ್ತೆಯಲ್ಲಿ ಕಾರುಗಳು ಸಾಲುಗಟ್ಟಿ ನಿಂತವು. ನಾವು ಅಷ್ಟೂ ಕಾರುಗಳ ಮುಂದೆ ಅಡ್ಡಡ್ಡವಾಗಿ ಹಾದುಹೋದೆವು.

ಜಾಗ ಮಾತ್ರ ಚೆನ್ನಾಗಿತ್ತು. ಕಾಲುವೆಯ ಎರಡೂ ಬದಿಗೆ ಎತ್ತರದ ಮಣ್ಣಿನ ಏರಿ, ಅಂಚಿನಲ್ಲಿ ಆಳೆತ್ತರದ ಜೊಂಡು. ದೋಣಿಯ ಮಾಳಿಗೆ ಹತ್ತಿ ನೋಡಿದರೆ ಏರಿಯ ಆಚೆಗಿನ ಹೊಲಗಳು ನೀರಿನ ಮಟ್ಟಕ್ಕಿಂತ ಕೆಳಗಿದ್ದವು. ಟ್ರ್ಯಾಕ್ಟರೊಂದು ನಮ್ಮ ಕಾಲಿಗಿಂತ ಕೆಳಗೆ ಓಡಾಡುತ್ತಿತ್ತು. ನಾನು ಅದನ್ನು ನೋಡುತ್ತಿದ್ದಾಗ ನಿರ್ಮಲಾ ಕ್ಯಾಮೆರಾ ಹಿಡಿದು ಬಂದರು. "ಸ್ವಲ್ಪ ಈ ಕಡೆ ತಿರುಗಮ್ಮ. ಅಮ್ಮಂಗೆ ಕಳಿಸ್ಬೇಕು." ಕೆಳಗೆ ಬಂದೆ. ಅಲ್ಲಿ ಅವರ ತಮ್ಮ ಕೂತಿದ್ದರು. ಮತ್ತೆ ಮೇಲೆ ಹೋದೆ. ಆ ದೋಣಿಯಲ್ಲಿ ಹೋಗಲು ಇದ್ದ ಜಾಗಗಳು ಇವೆರಡೇ.

ಊಟ ಆದ ಮೇಲೆ ವಸಂತಕ್ಕ ಗಡಿಯಾರ ನೋಡಿದರು. "ನಾಲ್ಕೂವರೆಗೆ ರಾಹುಕಾಲ. ಅಷ್ಟರೊಳಗೆ ಉಪ್ಪಿಟ್ಟು, ಕೇಸರಿಬಾತ್ ಕೊಟ್ಟು ಮುಗಿಸಬೇಕು."

"ಇಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇಟ್ಟಿದ್ದಾರಲ್ಲ," ಎಂದರು ಭಾವ. "ಹಾಗಾದ್ರೆ ಐದೂವರೆ."

ಶ್ರೀಧರ ಕಾಗದದ ತಟ್ಟೆಯ ಮೇಲೆ ಪೆನ್ನಿನಿಂದ ಲೆಕ್ಕ ಹಾಕಿದರು. "ಸೂರ್ಯ ಮುಳುಗೋದೇ ಎಂಟೂ ಇಪ್ಪತ್ತಕ್ಕೆ ಆಂಟಿ. ಹಗಲನ್ನ ಎಂಟು ಭಾಗ ಮಾಡಿ ಕೊನೇದು ತಗೊಂಡ್ರೆ, ಆರೂವರೆಗೆ ಶುರು."

"ನಾಲ್ಕೂವರೆ ಅಂದ್ರೆ ನಾಲ್ಕೂವರೆ. ರಾಹುವಿಗೆ ನಿಮ್ಮ ಡೇಲೈಟ್ ಸೇವಿಂಗ್ ಗೊತ್ತುಂಟಾ? ದೋಣಿ ನಿಲ್ಲಿಸಿ ಮಾರ್ರೆ, ಅಲುಗಾಡುವ ಒಲೆಯಲ್ಲಿ ನಾನು ಪಾಕ ಹಿಡಿಯುವುದು ಹೇಗೆ?"

ಮೂರೂವರೆಗೆ ಒಂದು ಕಿರುಗಾಲುವೆಯೊಳಗೆ ನುಗ್ಗಿ, ಎದುರಿಗೆ ಸಿಕ್ಕಿದ ಮರಕ್ಕೆ ಭಾವ ದೋಣಿಯನ್ನು ಬಿಗಿದು ಕಟ್ಟಿದರು. ನೀರು ಜೊಂಡಿನ ಅರ್ಧಕ್ಕೆ ಬಂದಿತ್ತು. ಇಳಿತ ಇದೆ ಎಂದು ದೋಣಿ ಕೊಟ್ಟ ಹೆಂಗಸು ಹೇಳಿದ್ದರಲ್ಲ ಎಂದೆ. "ಇದು ನದಿ ಮಾರಾಯ್ತಿ, ಸಮುದ್ರ ಅಲ್ಲ," ಎಂದರು ಭಾವ. "ನೀನು ಹೋಗಿ ಸೀರೆ ಉಡು," ಎಂದರು ವಸಂತಕ್ಕ. ಟಾಯ್ಲೆಟ್ಟಿನೊಳಗೆ, ಎರಡು ಅಡಿ ಜಾಗದಲ್ಲಿ, ವಸಂತಕ್ಕನ ರೇಷ್ಮೆ ಸೀರೆ ಉಟ್ಟೆ.

ನಾಲ್ಕೂ ಕಾಲಿಗೆ ತಟ್ಟೆಗಳನ್ನು ಹಿಡಿದು ಬಂದೆ. ನಿರ್ಮಲಾ ಓದು, ಕೆಲಸ, ಅಡುಗೆ, ಹಾಡು ಎಲ್ಲ ಕೇಳಿದರು. ನಾನು ಕೇಳಿದಷ್ಟಕ್ಕೆ ಉತ್ತರಿಸಿದೆ. ಶ್ರೀಧರ ಉಪ್ಪಿಟ್ಟು ಚೆನ್ನಾಗಿದೆ ಎಂದರು. ಅದನ್ನು ಮಾಡಿದ್ದು ವಸಂತಕ್ಕ. ರಾಹುಕಾಲ ಶುರುವಾಗುವ ಮೊದಲು ಎಲ್ಲ ಮುಗಿಯಿತು. ವಸಂತಕ್ಕನ ಮುಖ ಅರಳಿತು.

ಕಾಫಿ ಕುಡಿದು ಹರಟೆ ಹೊಡೆಯುತ್ತಿದ್ದಾಗ, ಆರರ ಸುಮಾರಿಗೆ, ದೀಪಾ ನೆಲದ ಮೇಲೆ ಬಿಟ್ಟ ಚೆಂಡು ತಾನಾಗಿ ಉರುಳಿತು. "ಮಾಮ್, ದ ಬೋಟ್ ಈಸ್ ಲೀನಿಂಗ್," ಎಂದಳು ಅವಳು.

"ಸುಮ್ಮನೆ ಕೂತುಕೋ," ಎಂದರು ವಸಂತಕ್ಕ. ಅಷ್ಟರಲ್ಲಿ ಒಲೆಯ ಮೇಲಿನ ಸಾರಿನ ಪಾತ್ರೆ ಜಾರಿ ಸಿಂಕಿಗೆ ಬಿತ್ತು. ಹೊರಗೆ ನೋಡಿದರೆ ದಡದ ಕಡೆಗಿನ ತೇಲು ಕೆಸರಿನ ಮೇಲೆ ಕೂತಿತ್ತು. ಇನ್ನೊಂದರ ಕೆಳಗಿನ ನೀರು ಇಳಿಯುತ್ತಲೇ ಇತ್ತು. ಭಾವ ಎಂಜಿನ್ ಓಡಿಸಿ ಒಂದಷ್ಟು ಕೆಸರು ಹಾರಿಸಿದರು. ದೋಣಿ ಕದಲಲಿಲ್ಲ. ನೀರು ಮತ್ತೆ ಏರುವವರೆಗೆ ಮಾಡುವುದಕ್ಕೆ ಏನೂ ಇರಲಿಲ್ಲ. ಓರೆಯಾದ ದೋಣಿಯಿಂದ ಒಬ್ಬರ ಕೈ ಒಬ್ಬರು ಹಿಡಿದು, ನಾನು ರೇಷ್ಮೆ ಸೀರೆ ಎತ್ತಿ ಹಿಡಿದು, ಎಲ್ಲರೂ ದಡದ ಏರಿಯನ್ನು ಹತ್ತಿದೆವು.

"ಹೇಗೂ ಇಳಿದಾಯ್ತಲ್ಲ, ನೀವಿಬ್ಬರೂ ಒಂದು ರೌಂಡ್ ಹೋಗಿ ಬನ್ನಿ," ಎಂದರು ವಸಂತಕ್ಕ.

ಏರಿಯ ಮೇಲೆ ತಣ್ಣನೆಯ ಗಾಳಿ ಬೀಸುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಶ್ರೀಧರ ಮಾತು ತೆಗೆದರು. "ತಪ್ಪು ತಿಳ್ಕೋಬೇಡಿ. ನಂಗೀಗ ಮದುವೆನೇ ಬೇಡ. ನೀವೇ ಬೇಡ ಅಂದ್ಬಿಡ್ತೀರಾ?"

ನನ್ನ ಉತ್ತರವೂ ಅದೇ ಆಗಿತ್ತು. ಆದರೂ ಸಿಟ್ಟು ಬಂತು. "ನೀವೇ ಹೇಳಬಹುದಲ್ಲ."

"ನಾನಂದ್ರೆ ಅಕ್ಕ ಅತ್ತು ರಂಪ ಮಾಡ್ತಾಳೆ. ಹಿಂದಿನ ಮೂರು ಸಲಾನೂ ಹುಡುಗಿಯರೇ ಹೇಳಿದ್ರು. ನಾನು ಕೇಳ್ಕೊಂಡೆ, ಪಾಪ ಒಪ್ಕೊಂಡ್ರು. ಯಾರಿಗೂ ಏನೂ ತೊಂದರೆ ಆಗ್ಲಿಲ್ಲ."

ಯೋಚಿಸುತ್ತೇನೆ ಎಂದು ಹಿಂದೆ ತಿರುಗಿದೆ. ದೂರದಲ್ಲಿ ವಸಂತಕ್ಕ, ನಿರ್ಮಲಾ ಇಬ್ಬರೂ ನಮ್ಮನ್ನೇ ನೋಡುತ್ತ ನಿಂತಿದ್ದರು.

ಸೋಮವಾರ ಬೆಳಗ್ಗೆ ಎದ್ದಾಗ ದೋಣಿ ಸಮವಾಗಿ ತೇಲುತ್ತಿತ್ತು. ಹಗ್ಗ ಬಿಚ್ಚಿ ಕಿರುಗಾಲುವೆಯಿಂದ ಹೊರಗೆ ಬಂದೆವು. ದೋಣಿಯಂಗಳಕ್ಕೆ ನಾಲ್ಕು ಗಂಟೆಯ ದಾರಿ. ಬ್ರೆಡ್ಡು, ಚಟ್ನಿ ತಿನ್ನುವಾಗ ನಿರ್ಮಲಾ ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡರು.

"ನೀನಾದ್ರೂ ಹೂಂ ಅನ್ನಮ್ಮ. ಮೂರು ಕಡೆ ಬೇಡ ಅಂದಿದಾರೆ. ನಮ್ ಹುಡುಗನಲ್ಲಿ ಏನು ಕೊರತೆ ಅಂತ ನಂಗೆ ಗೊತ್ತಾಗ್ತಿಲ್ಲ. ಅವನಿಗೋಸ್ಕರ ಮೂರು ವರ್ಷದಿಂದ ಶನಿವಾರ ಉಪವಾಸ ಇದೀನಿ."

ಶ್ರೀಧರ ನನ್ನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದರು, ಹೇಳಿಬಿಡಿ ಎಂಬಂತೆ. ಅದನ್ನು ಕಾಣುವವರೆಗೆ ನಾನು ಏನು ಹೇಳುತ್ತೇನೆಂದು ನನಗೂ ಗೊತ್ತಿರಲಿಲ್ಲ.

"ನನಗೆ ಬೇಡ," ಎಂದೆ. "ಆದರೆ ಅವರಿಗೂ ಬೇಡ. ಹಿಂದಿನ ಮೂವರ ಹತ್ತಿರವೂ ಅವರೇ ಹಾಗೆ ಹೇಳಿಸಿದ್ದು. ನೀವು ಉಪವಾಸ ಬಿಡಿ."

ನಿರ್ಮಲಾ ತಮ್ಮನ ಕಡೆ ತಿರುಗಿ "ಹೌದೇನೋ?" ಎಂದರು.

ಆತ ಬ್ರೆಡ್ಡಿನ ಅಂಚು ಮುರಿಯುತ್ತ "ಹೂಂ ಅಕ್ಕ" ಎಂದರು.

ನಿರ್ಮಲಾ ಎದ್ದು ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡರು. ದೋಣಿಯಲ್ಲಿ ಅಳಲು ಬೇರೆ ಜಾಗವಿರಲಿಲ್ಲ. ತುಂಬ ಹೊತ್ತಾದ ಮೇಲೆ ಹೊರಬಂದವರು ಅಲ್ಲಿಂದ ಎತ್ತುವ ಸೇತುವೆಯವರೆಗೂ ಬೈದರು. "ಮೂರು ವರ್ಷ ನಾನು ಹಸ್ಕೊಂಡಿದ್ದು ಯಾತಕ್ಕೋ? ನಂಗೆ ಒಂದು ಮಾತು ಹೇಳೋಕ್ಕೆ ನಿಂಗೆ ಬಾಯಿ ಇರ್ಲಿಲ್ವಾ?" ಕೇಳಿಸಿಕೊಳ್ಳದಿರಲು ಯಾರಿಗೂ ಆಗುವಂತಿರಲಿಲ್ಲ. ಮಾಳಿಗೆಯ ಮೇಲೂ ಎಲ್ಲ ಕೇಳುತ್ತಿತ್ತು. ಭಾವ ಸೇತುವೆಗೆ ಹಾರ್ನ್ ಹೊಡೆದಾಗ ಅವರು ಮಾತು ನಿಲ್ಲಿಸಿದರು, ಸೇತುವೆ ದಾಟಿದ ಮೇಲೆ ಮುಂದುವರಿಸಿದರು. ವಸಂತಕ್ಕ ಪಾತ್ರೆಗಳನ್ನು ಎರಡನೆಯ ಸಲ ತೊಳೆಯುತ್ತಿದ್ದರು. ನನ್ನ ಕಡೆ ನೋಡಲಿಲ್ಲ.

ಮಧ್ಯಾಹ್ನ ದೋಣಿ ಒಪ್ಪಿಸಿದೆವು. ಹೇಗಿತ್ತು ಎಂದು ಆ ಹೆಂಗಸು ಕೇಳಿದಾಗ ಭಾವ "ವೆರಿ ನೈಸ್" ಎಂದರು. ತೇಲುಗಳ ಮೇಲಿನ ಕೆಸರನ್ನು ನೋಡಿ ಆಕೆ ಮತ್ತೇನೂ ಕೇಳಲಿಲ್ಲ.

ಆಮೇಲೆ ಅದೇ ಆರು ಜನ ಅದೇ ವ್ಯಾನಿನಲ್ಲಿ ಆರು ಗಂಟೆ ಕೂತೆವು. ಈ ಸಲ ದೀಪಾ ನನ್ನ ಮತ್ತು ಶ್ರೀಧರರ ನಡುವೆ ಕೂತು ನಿದ್ದೆ ಹೋದಳು. ರಜೆ ಮುಗಿಸಿ ಹಿಂತಿರುಗುವವರಿಂದ ರಸ್ತೆ ಕಿಕ್ಕಿರಿದಿತ್ತು. ಆರ್ಟೀಸಿಯಾದಲ್ಲಿ ಇಳಿಯುವಾಗ ನಿರ್ಮಲಾ ಕಿಟಕಿಯ ಹತ್ತಿರ ಬಂದರು. "ನಂಗೆ ಕೋಪ ಇದೆಯಮ್ಮ. ನಿನ್ ಮೇಲೆ ಎಷ್ಟು, ಅವನ್ ಮೇಲೆ ಎಷ್ಟು ಅಂತ ಇನ್ನೂ ಗೊತ್ತಾಗ್ತಿಲ್ಲ," ಎಂದು ಹೇಳಿ ಹೋದರು.

ಸ್ಯಾನ್ ಡಿಯಾಗೋ ಕಡೆಗೆ ಹೊರಟೆವು. ಬಲಗಡೆ ಸಮುದ್ರ ಕಾಣಿಸಿಕೊಂಡಾಗ, ಮಂಗಳೂರಿಗೆ ನಾನೇ ಫೋನ್ ಮಾಡುತ್ತೇನೆ ಎಂದು ವಸಂತಕ್ಕನಿಗೆ ಹೇಳಿದೆ.

"ಮಾಡು. ನನಗೆ ಹೇಳಲು ಬಾಯಿಲ್ಲ," ಎಂದರು. ರಸ್ತೆ ನೋಡುತ್ತಲೇ ಮತ್ತೆ ಹೇಳಿದರು: "ನೀನು ಹೇಳಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಆದ್ರೆ ದೋಣಿ ವಾಪಸ್ ಕೊಟ್ಟ ಮೇಲೆ ಹೇಳಬಹುದಿತ್ತು ಮಾರಾಯ್ತಿ."

"ಹೌದು," ಎಂದೆ.